ಅಮಾವಾಸ್ಯೆಯ ಶನಿವಾರ

ಹನ್ನೊಂದು ವರ್ಷ ನನ್ನ ಕಚೇರಿಯ ಮೇಜಿನ ಮೇಲೆ ಒಂಟಿಕೊಪ್ಪಲ್ ಪಂಚಾಂಗ ಇತ್ತು. ಕಂಡವರು ನನ್ನನ್ನು ಆಚಾರವಂತೆ ಎಂದುಕೊಳ್ಳುತ್ತಿದ್ದರು, ನಾನೂ ತಿದ್ದುತ್ತಿರಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ನಾನು ಅದನ್ನು ವ್ರತಕ್ಕೆಂದೋ ತಿಥಿಗೆಂದೋ ತೆರೆದವಳಲ್ಲ. ಜನ ಯಾವ ವಾರ ಕೊಳ್ಳಲು ಬರುತ್ತಾರೆ, ಯಾವ ವಾರ ಮನೆಯಲ್ಲೇ ಉಳಿಯುತ್ತಾರೆ ಎಂದು ತಿಳಿಯುವುದಕ್ಕೆ ತೆರೆಯುತ್ತಿದ್ದೆ. ಮನೆಯಲ್ಲೇ ಉಳಿಯುವ ವಾರಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆ. ಆ ವಾರಗಳನ್ನು ತುಂಬಿಸುವುದೇ ನನ್ನ ಕೆಲಸವಾಗಿತ್ತು.

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಒಂದು ಶಾಪಿಂಗ್ ಸೆಂಟರ್ ಅದು. ಹೆಸರು ಬೇಡ. ನಾಲ್ಕೂ ಕಡೆ ಮುಚ್ಚಿ ಏಸಿ ಹಾಕಿದ ಮಾಲ್ ಅಲ್ಲ. ನಡುವೆ ಕಲ್ಲು ಹಾಸಿದ ದೊಡ್ಡ ಅಂಗಳ, ಸುತ್ತ ಎರಡಂತಸ್ತಿನ ಅಂಗಡಿಸಾಲು, ಮೇಲೆ ಬರೀ ಆಕಾಶ. ಅಂಗಳದ ಒಂದು ತುದಿಯಲ್ಲಿ ಶಾಶ್ವತ ವೇದಿಕೆ, ಇನ್ನೊಂದು ತುದಿಯಲ್ಲಿ ತಿಂಡಿ ಅಂಗಡಿಗಳು. 2013ರಿಂದ 2024ರ ಮಾರ್ಚ್‌ವರೆಗೆ ನಾನು ಅಲ್ಲಿ ಕಾರ್ಯಕ್ರಮ ಮತ್ತು ಪ್ರಚಾರದ ಮ್ಯಾನೇಜರ್. ಪ್ರತಿ ತಿಂಗಳೂ ಆ ಅಂಗಳದಲ್ಲಿ ಏನಾದರೂ ನಡೆಯುತ್ತಿರಬೇಕು, ನಡೆಯುತ್ತಿರುವುದು ರಸ್ತೆಗೆ ಕಾಣಬೇಕು, ಕೇಳಬೇಕು.

ಈ ಒತ್ತಡ ಎಲ್ಲಿಂದ ಬರುತ್ತದೆ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅಂಗಡಿಯವರು ಸೆಂಟರ್‌ಗೆ ಕೊಡುವ ಬಾಡಿಗೆ ಬಹಳ ಕಡೆ ಎರಡು ಲೆಕ್ಕದ ಮೇಲೆ ನಿಂತಿರುತ್ತದೆ: ಒಂದು, ಮಾರಾಟ ಆದರೂ ಆಗದಿದ್ದರೂ ಕೊಡಲೇಬೇಕಾದ ಕನಿಷ್ಠ ಮೊತ್ತ, ಇನ್ನೊಂದು, ಮಾರಾಟದಲ್ಲಿ ಇಂತಿಷ್ಟು ಪಾಲು. ಎರಡರಲ್ಲಿ ಯಾವುದು ಹೆಚ್ಚೋ ಅದು ಬಾಡಿಗೆ. ಹಾಗಾಗಿ ವ್ಯಾಪಾರ ಏರಿದರೆ ಸೆಂಟರ್‌ಗೂ ಲಾಭ. ಕುಸಿದರೆ ಅಂಗಡಿಯವರು ಬಾಡಿಗೆ ಇಳಿಸಿ ಎಂದು ಬಂದು ಕೂರುತ್ತಾರೆ. ಅವರಿಗೆ ತೋರಿಸಲು ನಮ್ಮ ಕೈಯಲ್ಲಿ ಒಂದು ಅಂಕಿ ಇರಬೇಕು. ಅದಕ್ಕೆ ಫುಟ್‌ಫಾಲ್ ಎನ್ನುತ್ತೇವೆ, ಗೇಟಿನಲ್ಲಿ ಎಣಿಸಿದ ತಲೆಗಳ ಲೆಕ್ಕ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಆ ಲೆಕ್ಕ ಒಪ್ಪಿಸುತ್ತಿದ್ದೆ. ಹಿಂದಿನ ವರ್ಷದ ಅದೇ ವಾರಕ್ಕಿಂತ ಕಡಿಮೆಯಿದ್ದರೆ ಕಾರಣ ಹೇಳಬೇಕಿತ್ತು.

ಜನವರಿಯಲ್ಲಿ ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚಿ, ಜೊತೆಗೇ ಚಳಿಗಾಲದ ಸರಕು ಖಾಲಿ ಮಾಡುವ ಸೇಲ್. ಫೆಬ್ರವರಿಯಲ್ಲಿ ಪ್ರೇಮಿಗಳ ದಿನ, ಮಾರ್ಚ್‌ನಲ್ಲಿ ಮಹಿಳಾ ದಿನ, ಆಮೇಲೆ ಯುಗಾದಿ. ಬಸವ ಜಯಂತಿ ಮತ್ತು ಅಕ್ಷಯ ತೃತೀಯ ಒಂದೇ ದಿನ ಬರುತ್ತವೆ. ನನ್ನ ಕ್ಯಾಲೆಂಡರ್‌ನಲ್ಲಿ ಮಾತ್ರ ಆ ದಿನಕ್ಕೆ ಚಿನ್ನದ ಅಂಗಡಿಯ ಹೆಸರೊಂದೇ ಇರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆ ಅಂಗಳದಲ್ಲಿ ಬಸವಣ್ಣನವರ ಹೆಸರು ನಾನು ಎತ್ತಲಿಲ್ಲ. ಜೂನ್‌ನಲ್ಲಿ ಶಾಲೆಯ ಚೀಲ, ಶೂಗಳ ರಿಯಾಯಿತಿ. ಅಲ್ಲಿಗೆ ಆಷಾಢ ಕಾಲಿಡುತ್ತದೆ.

ಆಷಾಢ ಎಂದಾಗ ನನಗೆ ನೆನಪಾಗುವುದು ತಿಪಟೂರು. ಅಲ್ಲಿ ನಮ್ಮಪ್ಪನದೊಂದು ಬಟ್ಟೆ ಅಂಗಡಿ. ಹತ್ತಡಿ ಅಗಲ, ಉದ್ದಕ್ಕೆ ಹೋಗಿರುವ ಅಂಗಡಿ. ನೆಲಕ್ಕೆ ಬಿಳಿ ಗಾದಿ, ಗೋಡೆಗೆ ಮರದ ಕಪಾಟು. ಕೊಬ್ಬರಿ ಹರಾಜಿನ ದಿನ ಹಳ್ಳಿಗಳಿಂದ ಬಂದವರ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆಷಾಢದಲ್ಲಿ ಅದೇ ಅಂಗಡಿ ತಣ್ಣಗೆ. ಮದುವೆ ಮುಂಜಿ ಇಲ್ಲ, ಹೊಸದಾಗಿ ಮದುವೆಯಾದ ಹುಡುಗಿಯರು ತವರಿನಲ್ಲಿ, ಇದ್ದಬದ್ದ ಹಣವೆಲ್ಲ ಬೀಜಕ್ಕೆ ಗೊಬ್ಬರಕ್ಕೆ ಹೋಗಿರುತ್ತದೆ. ಅಪ್ಪ ಆ ತಿಂಗಳು ಕಪಾಟಿನ ತಳದಲ್ಲಿ ಉಳಿದ ಕಟ್ ಪೀಸುಗಳನ್ನು, ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿದ ಸೀರೆಗಳನ್ನು ಹೊರತೆಗೆದು ಗಾದಿಯ ಮೇಲೆ ಹರಡುತ್ತಿದ್ದರು. ಕೊಂಡ ಬೆಲೆಗೆ, ಕೆಲವನ್ನು ಅದಕ್ಕೂ ಕಡಿಮೆಗೆ ಕೊಡುತ್ತಿದ್ದರು. ಸೀರೆಯ ಮಾಸಿದ ಜಾಗವನ್ನು ತಾವೇ ಬೆಳಕಿಗೆ ಹಿಡಿದು ತೋರಿಸಿ, "ಇಲ್ಲಿ ಹಿಂಗಿದೆ ನೋಡವ್ವ, ಅದಕ್ಕೇ ಈ ರೇಟು" ಎನ್ನುತ್ತಿದ್ದರು. ಮಧ್ಯಾಹ್ನ ಗಾದಿಯ ಮೇಲೇ ಮಲಗುತ್ತಿದ್ದರು. ಅಂಗಡಿಯಲ್ಲಿದ್ದ ಇಬ್ಬರು ಹುಡುಗರು ಬಿತ್ತನೆಗೆ ಊರಿಗೆ ಹೋಗಿ ಬರುತ್ತಿದ್ದರು.

ನಾನು ಸೆಂಟರ್‌ಗೆ ಸೇರಿದ ಮೊದಲ ವರ್ಷವೇ ಸಾಕ್ಷಾತ್ ಬಟ್ಟೆ ಅಂಗಡಿಯವರ ಮಗಳು ಎಂದು ಹೇಳಿಕೊಂಡು ಆಷಾಢ ಸೇಲ್‌ನ ಜವಾಬ್ದಾರಿ ವಹಿಸಿಕೊಂಡೆ. ಆ ಸೇಲ್‌ಗೆ ಬರುತ್ತಿದ್ದ ಬಹಳಷ್ಟು ಸರಕು ಉಳಿದ ಸರಕಾಗಿರಲಿಲ್ಲ, ಸೇಲ್‌ಗೆಂದೇ ತರಿಸಿದ್ದು. ಕೆಲವು ಅಂಗಡಿಗಳು ಮೇ ಕೊನೆಗೆ ಚೀಟಿಯ ಬೆಲೆ ಏರಿಸಿ ಜೂನ್ ಕೊನೆಗೆ ಇಳಿಸುತ್ತಿದ್ದವು. ನನಗೆ ಗೊತ್ತಿತ್ತು. ಗೊತ್ತಿದ್ದೂ ರಸ್ತೆಗೆ ಮುಖಮಾಡಿದ ಬೋರ್ಡಿನಲ್ಲಿ 'ಶೇ. 50' ಎಂಬುದನ್ನು ಆಳೆತ್ತರ ಬರೆಸಿ, 'ರವರೆಗೆ' ಎಂಬುದನ್ನು ಅಂಗೈಯಷ್ಟು ಮಾಡಿಸಿದವಳು ನಾನೇ. ಡಿಸೈನ್ ಮಾಡುವ ಹುಡುಗ ಒಮ್ಮೆ ಎರಡನ್ನೂ ಒಂದೇ ಅಳತೆಗೆ ಬರೆದು ತಂದಿದ್ದ. ಕರೆದು ತಿದ್ದಿಸಿದೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಹೇಳಿದ ಬೆಲೆಗೆ ಸರಕು ಸಿಗುವ ಸಾಧ್ಯತೆಯೇ ಇಲ್ಲದಾಗ ಬೆಲೆಯ ಆಸೆ ತೋರಿಸಿ ಜನರನ್ನು ಕರೆಯಬಾರದು ಎಂದು ಅದು ಹೇಳುತ್ತದೆ. ಅದನ್ನು ಓದಿ ನಾನು ಮಾಡಿದ್ದು ಇಷ್ಟೇ: ಪ್ರತಿ ಅಂಗಡಿಯೂ ಒಂದೆರಡು ಸರಕನ್ನಾದರೂ ಅರ್ಧ ಬೆಲೆಗೆ ಇಡಲಿ ಎಂದು ಸೂಚನೆ ಕಳಿಸಿದೆ. ಬೋರ್ಡು ಹಾಗೇ ಉಳಿಯಿತು. ಕಾನೂನಿನ ಕಣ್ಣಿಗೆ ತಪ್ಪಿಸಿಕೊಂಡೆ. ಆದರೆ ಗಾದಿಯ ಮೇಲೆ ಕೂತು ಮಾಸಿದ ಗೆರೆಯನ್ನು ಬೆಳಕಿಗೆ ಹಿಡಿಯುತ್ತಿದ್ದ ಮನುಷ್ಯನ ಮಗಳು ಅಷ್ಟಕ್ಕೆ ಸಮಾಧಾನಪಟ್ಟುಕೊಂಡಳಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಲಕ್ಕಿ ಡ್ರಾ ಬಗ್ಗೆಯೂ ಹೇಳಿಬಿಡಬೇಕು. ಇಂತಿಷ್ಟು ಸಾವಿರದ ಬಿಲ್ ಮಾಡಿದರೆ ಒಂದು ಕೂಪನ್. ಅದರಲ್ಲಿ ಹೆಸರು, ಮೊಬೈಲ್ ನಂಬರ್, ಹುಟ್ಟಿದ ದಿನ, ಮದುವೆಯ ದಿನ ಬರೆದು ಗಾಜಿನ ಪೆಟ್ಟಿಗೆಗೆ ಹಾಕಬೇಕು. ಬಹುಮಾನ ಒಂದು ಸ್ಕೂಟರ್. ಸ್ಕೂಟರ್ ನಿಜವಾಗಿಯೂ ಕೊಡುತ್ತಿದ್ದೆವು, ಅದರಲ್ಲಿ ಮೋಸವಿರಲಿಲ್ಲ. ಆದರೆ ನಮಗೆ ಬೇಕಾಗಿದ್ದದ್ದು ಪೆಟ್ಟಿಗೆಯೊಳಗಿನ ಚೀಟಿಗಳು. ಅವನ್ನು ಕಂಪ್ಯೂಟರಿಗೆ ಏರಿಸಿ ಪಟ್ಟಿ ಮಾಡಿಸುತ್ತಿದ್ದೆ. ಎರಡು ಬಾರಿ ಆ ಪಟ್ಟಿ ನಮ್ಮ ಕಾರ್ಯಕ್ರಮದ ಪ್ರಾಯೋಜಕರಾಗಿದ್ದ ಸೈಟು ಮಾರುವವರ ಕೈಗೂ ಹೋಯಿತು. ಕೊಟ್ಟವಳು ನಾನು. ಅದಾದ ಮೇಲೆ ಎಷ್ಟು ಜನರ ಫೋನು ಊಟದ ಹೊತ್ತಿಗೆ ಬಡಿದುಕೊಂಡಿತೋ. ಮದುವೆಯ ದಿನವನ್ನು ಗುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ ಆ ಹೆಂಗಸರು ನಮ್ಮನ್ನು ನಂಬಿ ಬರೆದಿದ್ದರು.

ಇನ್ನು ನವೆಂಬರ್. ರಾಜ್ಯೋತ್ಸವಕ್ಕೆಂದು ಪ್ರತಿವರ್ಷ ಒಂದು ಜಾನಪದ ತಂಡವನ್ನು ಕರೆಸುತ್ತಿದ್ದೆ. ಒಂದು ವರ್ಷ ವೀರಗಾಸೆಯವರು ಬಂದರು. ವೀರಭದ್ರ ದಕ್ಷನ ಯಜ್ಞ ಕೆಡಿಸಿದ ಕಥೆಯನ್ನು ಒಡಪು ಹೇಳುತ್ತ ಕುಣಿಯುವ ಕಲೆ ಅದು. ಅವರು ಅದನ್ನು ಕಲೆ ಎಂದೂ ಹೇಳುವುದಿಲ್ಲ, ಸೇವೆ ಎನ್ನುತ್ತಾರೆ. ವೇಷ ಕಟ್ಟಿಕೊಳ್ಳಲು ಅವರಿಗೆ ಕೊಟ್ಟ ಜಾಗ ನೆಲಮಾಳಿಗೆಯ ಕಾರ್ ಪಾರ್ಕಿಂಗ್. ಆಟಕ್ಕೆ ಕೊಟ್ಟ ಸಮಯ ಏಳು ನಿಮಿಷ, ಏಕೆಂದರೆ ಏಳೂಕಾಲಿಗೆ ಫ್ಯಾಷನ್ ಷೋ. ತಂಡದ ಹಿರಿಯರು ಕೈಯಲ್ಲಿ ಕತ್ತಿ ಹಿಡಿದೇ ಕೇಳಿದರು: "ತಾಯಿ, ಒಡಪು ಅರ್ಧಕ್ಕೆ ನಿಲ್ಲಿಸಂಗಿಲ್ಲ, ಯಾವುದನ್ನ ಬಿಡಾಣ?" ನಾನು ಒಡಪೇ ಬೇಡ, ಕುಣಿತ ಮಾತ್ರ ಸಾಕು ಎಂದೆ. ಅವರು ಸುಮ್ಮನಾದರು. ಆಮೇಲೆ ಒಂದು ಗಂಟೆ ಅವರು ಅಂಗಳದಲ್ಲಿ ನಿಂತು ಜನರ ಜೊತೆ ಸೆಲ್ಫಿಗೆ ಒದಗಿದರು, ಅದೂ ನಾನು ಹೇಳಿದ್ದೇ. ಅವರ ಸಂಭಾವನೆ ತಲುಪಿದ್ದು ಮೂರು ತಿಂಗಳ ಮೇಲೆ.

ಇಷ್ಟೆಲ್ಲ ಬರೆದ ಮೇಲೂ, ನಾನು ನಿಜವಾಗಿ ಹೇಳಬೇಕಾದದ್ದು 2023ರ ಬಗ್ಗೆ.

ಆ ವರ್ಷ ಪಂಚಾಂಗ ನೋಡಿ ನನ್ನ ಎದೆ ಧಸಕ್ಕೆಂದಿತ್ತು. ಜೂನ್ 19ರಿಂದ ಜುಲೈ 17ರವರೆಗೆ ಆಷಾಢ. ಅದು ಮುಗಿದರೆ ಶ್ರಾವಣ ಬರಬೇಕಲ್ಲ, ಬರಲಿಲ್ಲ. ಅಧಿಕ ಶ್ರಾವಣ ಬಂತು, ಆಗಸ್ಟ್ 16ರವರೆಗೆ. ಚಾಂದ್ರಮಾನ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಆ ಕೊರತೆ ತುಂಬಲು ಹತ್ತಿರ ಹತ್ತಿರ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನು ಕೂಡಿಸುತ್ತಾರೆ. ಕೂಡಿಸಿದ ಆ ತಿಂಗಳಲ್ಲಿ ಶುಭಕಾರ್ಯವಿಲ್ಲ. ಅಂದರೆ ಒಂದರ ಬೆನ್ನಿಗೆ ಒಂದರಂತೆ ಎರಡು ತಿಂಗಳು ಮದುವೆಯಿಲ್ಲ, ಗೃಹಪ್ರವೇಶವಿಲ್ಲ. 2022ರಲ್ಲಿ ಆಗಸ್ಟ್ ಮೊದಲ ವಾರದಲ್ಲಿದ್ದ ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಜಾರಿತ್ತು. ಹಿಂದಿನ ವರ್ಷದ ಅದೇ ವಾರಕ್ಕೆ ಹೋಲಿಸಿ ಲೆಕ್ಕ ಕೇಳುವ ಆಡಳಿತಕ್ಕೆ ಇದನ್ನು ಹೇಗೆ ವಿವರಿಸುವುದು? ನಾನು ಅಧಿಕ ಮಾಸದ ದಾನವನ್ನು ನೆನಪು ಮಾಡಿಕೊಂಡೆ. ಮೂವತ್ಮೂರು ಅಪೂಪವನ್ನು ತಟ್ಟೆಯಲ್ಲಿಟ್ಟು ದಾನ ಕೊಡುತ್ತಾರಲ್ಲ, ಆ ಮೂವತ್ಮೂರನ್ನು ಎತ್ತಿ 'ಅಧಿಕ ಮಾಸಕ್ಕೆ ಶೇ. 33 ರಿಯಾಯಿತಿ' ಎಂದು ಮಾಡಿದೆ. ಎಲ್ಲರೂ ಬೆನ್ನು ತಟ್ಟಿದರು. ಕೊಡುವುದಕ್ಕೆ ಇದ್ದ ಸಂಖ್ಯೆಯನ್ನು ಕೊಳ್ಳುವುದಕ್ಕೆ ತಿರುಗಿಸಿದೆ ಎಂಬುದು ಆಗ ಹೊಳೆಯಲೇ ಇಲ್ಲ.

ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಕಾವೇರಿ ವಿವಾದಕ್ಕೆ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಎರಡು ದಿನ ಶಟರ್ ಎಳೆದುಕೊಂಡು ಕೂತೆವು. ಬಂದ್ ಮುಗಿಯುವ ಹೊತ್ತಿಗೆ ಪಿತೃಪಕ್ಷ ಶುರುವಾಗಿತ್ತು. ಆಡಳಿತದವರು ಸಭೆ ಕರೆದರು. ಈ ಹದಿನೈದು ದಿನ ಯಾರೂ ಹೊಸದೇನೂ ಕೊಳ್ಳುವುದಿಲ್ಲವಂತೆ, ಹೌದೇ ಎಂದು ಉತ್ತರ ಭಾರತದಿಂದ ಬಂದಿದ್ದ ಹಿರಿಯ ಅಧಿಕಾರಿ ಕೇಳಿದರು.

ಆಗ ನಾನು ಬಾಯಿ ಬಿಟ್ಟೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಹಾಗಲ್ಲ ಸಾರ್, ಇಲ್ಲಿ ಬಹಳ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಡುತ್ತಾರೆ, ಗಂಡಸರಿಗೆ ಪಂಚೆ ಶರ್ಟು, ಹೆಂಗಸರಿಗೆ ಸೀರೆ ಕುಪ್ಪಸ, ಮಹಾಲಯ ಅಮಾವಾಸ್ಯೆಗೆ ಮುಂಚೆ ಜನ ಕೊಳ್ಳಲು ಬಂದೇ ಬರುತ್ತಾರೆ ಎಂದೆ. ಇದು ನಾನು ಯಾವ ಕೋರ್ಸಿನಲ್ಲೂ ಕಲಿತದ್ದಲ್ಲ. ಅಪ್ಪನ ಅಂಗಡಿಯಲ್ಲಿ ಕಂಡದ್ದು. ಎಡೆಗೆ ಬಟ್ಟೆ ಕೇಳಿ ಬಂದವರ ಹತ್ತಿರ ಅಪ್ಪ ಬೆಲೆ ಹೇಳುವಾಗ ದನಿ ತಗ್ಗಿಸುತ್ತಿದ್ದರು. ಅದರ ಮೇಲೆ ಲಾಭ ಇಟ್ಟುಕೊಳ್ಳುತ್ತಿರಲಿಲ್ಲ. ಸತ್ತವರ ಬಟ್ಟೆಯಲ್ಲಿ ನಾವು ದುಡಿಯಬಾರದು ಎಂದು ಅಮ್ಮನಿಗೆ ಹೇಳಿದ್ದನ್ನು ನಾನು ಗಾದಿಯ ಮೂಲೆಯಲ್ಲಿ ಲೆಕ್ಕ ಬರೆಯುತ್ತ ಕೇಳಿಸಿಕೊಂಡಿದ್ದೆ. ಆ ಅಪ್ಪ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ನಾನು ಆ ತಗ್ಗಿದ ದನಿಯನ್ನು ತೆಗೆದುಕೊಂಡು ಹೋಗಿ ಸಭೆಯ ಮೇಜಿನ ಮೇಲಿಟ್ಟೆ. ಪಂಚೆ ಶರ್ಟು ಜೋಡಿಗೆ ಒಂದು ಬೆಲೆ, ಸೀರೆಯ ಜೊತೆ ಕುಪ್ಪಸದ ಬಟ್ಟೆ ಉಚಿತ.

ಅಮಾವಾಸ್ಯೆ ಅಕ್ಟೋಬರ್ 14ರಂದು, ಶನಿವಾರ. ಭಾನುವಾರದಿಂದ ನವರಾತ್ರಿ. ಇದರ ಮೇಲೆ ಅದೇ ಶನಿವಾರ ಮಧ್ಯಾಹ್ನ ಎರಡಕ್ಕೆ ಅಹಮದಾಬಾದಿನಲ್ಲಿ ವಿಶ್ವಕಪ್‌ನ ಭಾರತ-ಪಾಕಿಸ್ತಾನ ಪಂದ್ಯ. ಎರಡು ಬಂದ್‌ನ ನಷ್ಟವನ್ನು ಒಂದೇ ದಿನ ತೀರಿಸಬಹುದು ಎಂದು ಎಲ್ಲರಿಗೂ ಅನ್ನಿಸಿತು. ಅಂಗಳದಲ್ಲಿ ದೊಡ್ಡ ಎಲ್‌ಇಡಿ ಪರದೆ, ಸಾವಿರ ಕುರ್ಚಿ, ವಿಕೆಟ್ ಬಿದ್ದಾಗಲೆಲ್ಲ ಹತ್ತು ನಿಮಿಷದ ವಿಶೇಷ ರಿಯಾಯಿತಿ. ಪೊಲೀಸ್ ಅನುಮತಿ, ಪ್ರಸಾರದ ಹಕ್ಕಿನ ಪತ್ರ, ಜನರೇಟರ್, ಆಂಬುಲೆನ್ಸ್, ಮಳೆ ಬಂದರೆ ಪರದೆಗೆ ಹೊದಿಸಲು ಟಾರ್ಪಾಲು, ಎಲ್ಲವನ್ನೂ ನಾನು ಹಗಲೂ ರಾತ್ರಿ ನಿಂತು ಹೊಂದಿಸಿದೆ. ಜೊತೆಗೆ ಎಲ್ಲ ಅಂಗಡಿಗಳಿಗೂ ಒಂದು ಸುತ್ತೋಲೆ ಕಳಿಸಿದೆ: 14 ಮತ್ತು 15ರಂದು ಯಾವ ಸಿಬ್ಬಂದಿಗೂ ರಜೆ ಇಲ್ಲ, ಆ ವಾರದ ರಜೆಯನ್ನು ಮುಂದಿನ ವಾರ ಕೊಡತಕ್ಕದ್ದು. ಕೆಳಗೆ ನನ್ನ ಸಹಿ.

ಶುಕ್ರವಾರ ಸಂಜೆ ಸೀರೆ ಅಂಗಡಿಯೊಂದರ ಹುಡುಗಿ ನನ್ನ ಕಚೇರಿಗೆ ಬಂದಳು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಮ್ಯಾನೇಜರ್ ಅವಳನ್ನು ನನ್ನ ಹತ್ತಿರ ಕಳಿಸಿದ್ದ, ಸುತ್ತೋಲೆ ನನ್ನದಲ್ಲವೇ.

"ಮೇಡಂ, ನಾಳೆ ಒಂದಿನ ಊರಿಗೆ ಹೋಗ್ಬೇಕಿತ್ತು. ನಮ್ಮಮ್ಮ ಹೋಗಿ ಇದೇ ಮೊದಲನೇ ಪಕ್ಷ. ಎಡೆ ಇಡ್ಬೇಕು. ಮನೇಲಿ ತಮ್ಮ ಒಬ್ನೇ ಇರೋದು, ಒಂಬತ್ತನೇ ಕ್ಲಾಸು."

ನಾನು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ಕುರ್ಚಿ ತರುವವನ ಜೊತೆ ಸಂದೇಶದಲ್ಲಿ ಜಗಳವಾಡುತ್ತಿದ್ದೆ. "ಮ್ಯಾಚ್ ಮುಗಿದ ಕೂಡಲೇ ಹೊರಡಮ್ಮ" ಎಂದೆ.

"ಮ್ಯಾಚ್ ಮುಗಿದ ಮೇಲೆ ಅಂದ್ರೆ ಇಲ್ಲಿಂದ ಮೆಜೆಸ್ಟಿಕ್‌ಗೇ ಎರಡು ಗಂಟೆ ಆಗುತ್ತೆ ಮೇಡಂ."

"ಎಲ್ಲರೂ ಅಡ್ಜಸ್ಟ್ ಮಾಡ್ಕೊಂಡಿದ್ದಾರೆ. ನಿನಗೊಬ್ಬಳಿಗೆ ಕೊಟ್ಟರೆ ಹೇಗೆ?"

ಅವಳು ಇನ್ನೊಂದು ನಿಮಿಷ ನಿಂತಿದ್ದು ಹೋದಳು. ಊರು ಯಾವುದು ಎಂದು ಕೂಡ ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮಣ್ಣ ಫೋನ್ ಮಾಡಿದ. ಅಪ್ಪನ ಎಡೆಗೆ ಬಟ್ಟೆ ತರುತ್ತೇನೆಂದು ನಾನೇ ಒಪ್ಪಿಕೊಂಡಿದ್ದೆ. ಹೋಗಲು ಆಗುವಂತಿರಲಿಲ್ಲ. ಅಂಗಡಿಯಿಂದ ಒಂದು ಪಂಚೆ, ಬಿಳಿ ಶರ್ಟು ತರಿಸಿ, ಒಂದು ಟ್ಯಾಕ್ಸಿ ಗೊತ್ತುಮಾಡಿ, ಹತ್ತು ಗಂಟೆಗೆ ಪೊಟ್ಟಣವನ್ನು ತಿಪಟೂರಿಗೆ ಕಳಿಸಿದೆ. ಮೂರು ಗಂಟೆಯ ಹೊತ್ತಿಗೆ ಎಡೆ ಆಯಿತು ಎಂದು ಅಣ್ಣ ಫೋಟೋ ಕಳಿಸಿದ. ಬಾಳೆ ಎಲೆ, ಅಪ್ಪನಿಗೆ ಇಷ್ಟವಾದ ಕಜ್ಜಾಯ, ಪಕ್ಕದಲ್ಲಿ ಮಡಿಸಿಟ್ಟ ಪಂಚೆ. ನಾನು ಪರದೆಯ ಹಿಂದೆ ವಾಕಿಟಾಕಿ ಹಿಡಿದು ನಿಂತು ಅದನ್ನು ನೋಡಿದೆ, ಫೋನನ್ನು ಜೇಬಿಗಿಟ್ಟೆ.

ಪಾಕಿಸ್ತಾನ 191ಕ್ಕೆ ಆಲೌಟ್ ಆಯಿತು. ಹತ್ತು ವಿಕೆಟ್, ಹತ್ತು ಸಲ ರಿಯಾಯಿತಿ. ಒಂದೊಂದು ವಿಕೆಟ್ ಬಿದ್ದಾಗಲೂ ಜನ ಕೂಗುತ್ತ ಅಂಗಡಿಗಳಿಗೆ ನುಗ್ಗುತ್ತಿದ್ದರು, ಒಳಗಿನ ಹುಡುಗಿಯರು ಗೋಡೆಗೆ ಒತ್ತಿಕೊಂಡು ಬಿಲ್ ಮಾಡುತ್ತಿದ್ದರು. ರಾತ್ರಿ ಎಂಟರ ಸುಮಾರಿಗೆ ಭಾರತ ಏಳು ವಿಕೆಟ್‌ಗಳಿಂದ ಗೆದ್ದಿತು. ಪಟಾಕಿ, ಡೋಲು. ಅಂಗಡಿಗಳು ಮುಚ್ಚಿದ್ದು ಹತ್ತೂವರೆಗೆ. ಆ ದಿನದ ಫುಟ್‌ಫಾಲ್ ನನ್ನ ಹನ್ನೊಂದು ವರ್ಷದಲ್ಲೇ ಹೆಚ್ಚಿನದು. ಸೋಮವಾರ ಆಡಳಿತ ನನಗೆ ಹೂಗುಚ್ಛ ಕೊಟ್ಟಿತು.

ಅದಾಗಿ ಒಂದು ವಾರಕ್ಕೆ ಸಿಬ್ಬಂದಿಯ ಲಾಕರ್‌ಗಳ ಹತ್ತಿರ ಆ ಹುಡುಗಿ ಕಂಡಳು. ಲಾಕರ್ ಬಾಗಿಲು ತೆರೆದಿತ್ತು. ಒಳಗೆ ನಮ್ಮ ಸೇಲ್‌ನ ಚೀಲ. ಏನಮ್ಮ, ನೀನೂ ತಗೊಂಡ್ಯಾ ಎಂದು ಸಲಿಗೆಯಿಂದ ಕೇಳಿದೆ.

"ಅಮ್ಮನಿಗೆ ಅಂತ ತಗೊಂಡಿದ್ದೆ ಮೇಡಂ, ಕುಪ್ಪಸದ ಬಟ್ಟೆ ಫ್ರೀ ಇತ್ತಲ್ಲ. ಕಳಿಸೋಕೆ ಆಗ್ಲಿಲ್ಲ. ತಮ್ಮ ಎಲೆ ಅಡಿಕೆ, ಹೊಗೆಸೊಪ್ಪು ಇಟ್ಟು ಕೈ ಮುಗಿದನಂತೆ."

ಯಾವ ಊರು ಎಂದೆ. ನಿಟ್ಟೂರಿನ ಹತ್ತಿರದ ಹಳ್ಳಿ ಎಂದಳು.

ಬೆಂಗಳೂರಿನಿಂದ ತಿಪಟೂರಿಗೆ ಹೋಗುವವರು ತುಮಕೂರು ದಾಟಿ, ಗುಬ್ಬಿ ದಾಟಿ, ನಿಟ್ಟೂರಿನ ಮೇಲೇ ಹೋಗಬೇಕು. ಒಂದೇ ಪೊಟ್ಟಣ ಹೊತ್ತು ಖಾಲಿ ಹೋದ ನನ್ನ ಟ್ಯಾಕ್ಸಿ ಆ ಶನಿವಾರ ಅವಳ ಊರಿನ ಕ್ರಾಸ್ ದಾಟಿಕೊಂಡು ಹೋಗಿತ್ತು. ಅದರಲ್ಲಿ ಇನ್ನೊಂದು ಸೀರೆಗೆ ಜಾಗವಿತ್ತು. ಅವಳಿಗೇ ಜಾಗವಿತ್ತು. ಶುಕ್ರವಾರ ನಾನು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಅವಳು ದೂರಲಿಲ್ಲ, ಅಳಲಿಲ್ಲ, ಲಾಕರ್ ಹಾಕಿಕೊಂಡು ಮೇಲೆ ಹೋದಳು. ನಾನು ಆ ಸಂಜೆ ಮನೆಗೆ ಹೋಗಿ ಪಂಚಾಂಗ ತೆರೆದು ನನ್ನ ಕೆಂಪು ಗೆರೆಗಳನ್ನು ನೋಡಿದೆ. ಆಷಾಢ, ಅಧಿಕ ಮಾಸ, ಪಿತೃಪಕ್ಷ, ಧನುರ್ಮಾಸ. ಇವನ್ನು ನಾನು 'ಸತ್ತ ವಾರ' ಎಂದು ಕರೆಯುತ್ತಿದ್ದೆ. ಅಪ್ಪ ಮಧ್ಯಾಹ್ನ ಮಲಗುತ್ತಿದ್ದ, ಅಂಗಡಿ ಹುಡುಗರು ಊರಿಗೆ ಹೋಗಿ ಬರುತ್ತಿದ್ದ, ಹೊಸ ಸೊಸೆಯರು ತವರಿನಲ್ಲಿ ನಿದ್ದೆ ಮಾಡುತ್ತಿದ್ದ ದಿನಗಳು ಅವು. ಅವನ್ನೆಲ್ಲ ಒಂದೊಂದಾಗಿ ಹುಡುಕಿ, ಅವುಗಳ ಮೇಲೆ ವೇದಿಕೆ ಕಟ್ಟಿ, ಸ್ಪೀಕರ್ ಇಟ್ಟವಳು ನಾನು. ಆ ಸಂಪ್ರದಾಯಗಳನ್ನೆಲ್ಲ ನಾನು ನಂಬುತ್ತೇನೋ ಇಲ್ಲವೋ ಬೇರೆ ಮಾತು. ಹೊಸ ಸೊಸೆಯರನ್ನು ಗಂಡನಿಂದ ದೂರ ಇಡುವ ರೂಢಿಯನ್ನು ನಾನು ಎತ್ತಿ ಹಿಡಿಯುವುದಿಲ್ಲ. ಆದರೆ ದುಡಿಯುವವರಿಗೆ ವರ್ಷದಲ್ಲಿ ಉಸಿರಾಡಲು ಇದ್ದ ಬಿಡುವನ್ನು ನಾನು ತೆಗೆದೆ, ಬದಲಿಗೆ ಏನನ್ನೂ ಕೊಡಲಿಲ್ಲ.

ಆಮೇಲೆ ಅಂಗಡಿಗಳೊಳಗೆ ಹೋದಾಗ ನಾನು ಮೊದಲು ನೋಡದಿದ್ದದ್ದು ಕಾಣತೊಡಗಿತು. ಒಂದು ಅಂಗಡಿಯಲ್ಲೂ ಮಾರುವ ಹುಡುಗಿಯರಿಗೆ ಕೂರಲು ಸ್ಟೂಲ್ ಇರಲಿಲ್ಲ. ಸೇಲ್ ಇದ್ದ ದಿನ ಹನ್ನೊಂದು ಗಂಟೆ ನಿಂತೇ ಇರುತ್ತಿದ್ದರು. ಕೋಯಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ್ದರಿಂದ ಕೇರಳ 2018ರಲ್ಲಿ ಕಾನೂನು ತಿದ್ದಿ ಅಂಗಡಿ ನೌಕರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡೂ ಕೊಟ್ಟಿತು. ಇದನ್ನು ನಾನು ಪತ್ರಿಕೆಯಲ್ಲಿ ಆಗಲೇ ಓದಿದ್ದೆ. ಓದಿ ಪುಟ ತಿರುಗಿಸಿದ್ದೆ. ಪಂದ್ಯ ನೋಡಲು ಬಂದವರಿಗೆ ಸಾವಿರ ಕುರ್ಚಿ ತರಿಸಿದವಳಿಗೆ ಆ ಹುಡುಗಿಯರಿಗಾಗಿ ಅರವತ್ತು ಸ್ಟೂಲ್ ತರಿಸುವುದು ದೊಡ್ಡ ಕೆಲಸವಾಗಿರಲಿಲ್ಲ.

ನನ್ನನ್ನು ನಾನು ಸಮರ್ಥಿಸಿಕೊಳ್ಳಲು ಒಂದು ಮಾತು ಬಳಸುತ್ತಿದ್ದೆ. ನಮ್ಮದು ತೆರೆದ ಅಂಗಳ, ಹಿಂದಿನ ಕಾಲದ ಸಂತೆಯ ಹಾಗೆ, ಊರ ಜನ ಸೇರುವ ಜಾಗ ಎಂದು. ಸಭೆಗಳಲ್ಲಿ ವಿಕ್ಟರ್ ಗ್ರೂಯೆನ್ ಹೆಸರನ್ನೂ ಹೇಳುತ್ತಿದ್ದೆ. ವಿಯೆನ್ನಾದಿಂದ ಅಮೆರಿಕಕ್ಕೆ ಓಡಿಬಂದ ಈ ವಾಸ್ತುಶಿಲ್ಪಿ 1954ರಲ್ಲಿ ಡೆಟ್ರಾಯ್ಟ್ ಬಳಿ ನಾರ್ತ್‌ಲ್ಯಾಂಡ್ ಎಂಬ ತೆರೆದ ಅಂಗಳಗಳ ಶಾಪಿಂಗ್ ಸೆಂಟರ್ ಕಟ್ಟಿದ, ಎರಡು ವರ್ಷದ ಮೇಲೆ ಮಿನೆಸೋಟದಲ್ಲಿ ಸೌತ್‌ಡೇಲ್ ಎಂಬ ಮುಚ್ಚಿದ ಮಾಲ್ ಕಟ್ಟಿದ. ಊರಿನ ಚೌಕವನ್ನು ಮತ್ತೆ ತರಬೇಕೆಂಬುದು ಅವನ ಆಸೆಯಾಗಿತ್ತು. ಕೊನೆಗಾಲದಲ್ಲಿ ತಾನು ಹುಟ್ಟುಹಾಕಿದ ಮಾಲ್‌ಗಳನ್ನು ತನ್ನವಲ್ಲ ಎಂದು ಅವನೇ ತಳ್ಳಿಹಾಕಿದ. ಕಥೆಯ ಈ ಕೊನೆಯ ಭಾಗವನ್ನು ನಾನು ಸಭೆಯಲ್ಲಿ ಹೇಳುತ್ತಿರಲಿಲ್ಲ. ಸಂತೆಗೂ ನಮ್ಮ ಅಂಗಳಕ್ಕೂ ಹೋಲಿಕೆ ಇರಲಿಲ್ಲ. ಸಂತೆ ವಾರಕ್ಕೊಮ್ಮೆ ಸೇರಿ ಸಂಜೆಗೆ ಚದುರುತ್ತದೆ, ಉಳಿದ ಆರು ದಿನ ಆ ಮೈದಾನದಲ್ಲಿ ಹುಡುಗರು ಆಡುತ್ತಾರೆ, ದನ ಮಲಗುತ್ತವೆ. ಸಂತೆಗೆ ಸೊಪ್ಪಿನ ಬುಟ್ಟಿ ಹೊತ್ತು ಬಂದವಳನ್ನು ಯಾರೂ ತಡೆಯುವುದಿಲ್ಲ. ನಮ್ಮ ಗೇಟಿನಲ್ಲಿ ಮಲ್ಲಿಗೆ ಮಾರುವವಳನ್ನು ಸೆಕ್ಯೂರಿಟಿಯವರು ತಡೆಯುತ್ತಿದ್ದರು, ಹಾಗೆ ತಡೆಯಿರಿ ಎಂದು ಬರೆದುಕೊಟ್ಟ ನಿಯಮಾವಳಿಯಲ್ಲೂ ನನ್ನ ಕೈ ಇತ್ತು.

2024ರ ಮಾರ್ಚ್‌ನಲ್ಲಿ ಕೆಲಸ ಬಿಟ್ಟೆ. ಈ ಒಂದೇ ಕಾರಣಕ್ಕೆ ಬಿಟ್ಟೆ ಎಂದರೆ ಸುಳ್ಳಾಗುತ್ತದೆ, ಅಮ್ಮನ ಆರೋಗ್ಯವೂ ಕೆಟ್ಟಿತ್ತು. ಬಿಡುವ ಮೊದಲು ಆಡಳಿತಕ್ಕೆ ಒಂದು ಪತ್ರ ಬರೆದೆ. ಮಹಾಲಯ ಅಮಾವಾಸ್ಯೆಯಂದು ಸಿಬ್ಬಂದಿಯ ರಜೆ ತಡೆಯಬಾರದು, ಪ್ರತಿ ಅಂಗಡಿಯಲ್ಲೂ ಸ್ಟೂಲ್ ಇರಬೇಕು ಎಂದು. ಉತ್ತರ ಬರಲಿಲ್ಲ. ಕಡೆಯ ದಿನ ಸೀರೆ ಅಂಗಡಿಗೆ ಹೋಗಿ ಆ ಹುಡುಗಿಯ ಮುಂದೆ ನಿಂತು, ನಾನು ತಪ್ಪು ಮಾಡಿದೆ ಕಣಮ್ಮ ಎಂದೆ. ಗಿರಾಕಿ ಬಂದಿದ್ದರು. ಅವಳು "ಇರಲಿ ಬಿಡಿ ಮೇಡಂ" ಎಂದು ಸೀರೆ ಬಿಚ್ಚಿ ತೋರಿಸತೊಡಗಿದಳು. ಆ ಮಾತನ್ನು ಕ್ಷಮೆ ಎಂದು ತೆಗೆದುಕೊಳ್ಳುವ ಹಕ್ಕು ನನಗಿದೆ ಎಂದು ನಾನು ಭಾವಿಸಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ, ಗಾಂಧಿ ಜಯಂತಿಯಂದೇ ಬಂತು. ನಾನು ತಿಪಟೂರಿನಲ್ಲಿದ್ದೆ. ಅಪ್ಪನ ಎಡೆಗೆ ಪಂಚೆಯನ್ನು ಅಪ್ಪನ ಅಂಗಡಿಯಿಂದಲೇ ತಂದೆ. ಅಣ್ಣ ಬೆಲೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈಗ ನನ್ನ ಆ ಕುರ್ಚಿಯಲ್ಲಿ ಬೇರೆ ಯಾರೋ ಇದ್ದಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಅಂಥ ಕುರ್ಚಿಗಳು ಬಹಳ ಇವೆ. ಅಲ್ಲಿ ಕೂತು ತಿಂಗಳ ಕಾರ್ಯಕ್ರಮ ಬರೆಯುತ್ತಿರುವ ನನ್ನ ತಂಗಿ ತಮ್ಮಂದಿರಿಗೆ ಒಂದು ವಿನಂತಿ. 2026 ಮತ್ತೆ ಅಧಿಕ ಮಾಸದ ವರ್ಷ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಆಮೇಲಿನ ಹಬ್ಬಗಳೆಲ್ಲ ಮತ್ತೆ ಮುಂದಕ್ಕೆ ಜಾರುತ್ತವೆ, ಲೆಕ್ಕ ಒಪ್ಪಿಸುವುದು ಮತ್ತೆ ಕಷ್ಟವಾಗುತ್ತದೆ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ರಂದು, ಮತ್ತೆ ಶನಿವಾರವೇ. ಹಿಂದಿನ ದಿನ ಸಂಜೆ ಯಾರಾದರೂ ರಜೆ ಕೇಳಿಕೊಂಡು ನಿಮ್ಮ ಬಾಗಿಲಿಗೆ ಬಂದರೆ, ಮೊದಲು ಅವರ ಊರು ಯಾವುದೆಂದು ಕೇಳಿ.